ಮುಂದೆ ಬೋಳು, ಹಿಂದೆ ಹೊಸದು

ನನ್ನ ಗಂಡನನ್ನು ಎಲ್ಲರೂ ಲೋಗೇರಣ್ಣ ಎಂದೇ ಕರೆಯುವುದು. ಗುಡ್ಡದ ದಾರಿಯಲ್ಲಿ ಗಾಡಿಯನ್ನು ಲೋ ಗೇರಿನಲ್ಲೇ ನಿಧಾನವಾಗಿ ಹತ್ತಿಸುತ್ತಾರಲ್ಲ, ಅದಕ್ಕೆ ಬಂದ ಹೆಸರು ಎನ್ನುತ್ತಾರೆ ಜನ. ಇಪ್ಪತ್ತೊಂಬತ್ತು ವರ್ಷ ಇವರ ಜೊತೆ ಏಗಿದವಳು ನಾನು, ನನ್ನನ್ನು ಕೇಳಿ. ಊಟಕ್ಕೆ ಕರೆದರೆ ಏಳುವುದು, ಕೇಳಿದ್ದಕ್ಕೆ ಉತ್ತರ ಕೊಡುವುದು, ಸಿಟ್ಟು ಮಾಡಿಕೊಳ್ಳುವುದು ಎಲ್ಲ ಅದೇ ಗೇರಿನಲ್ಲಿ. ಒಮ್ಮೆ ನಾನು ಬೆಳಿಗ್ಗೆ ಬೈದದ್ದಕ್ಕೆ ಮರುದಿನ ಮಧ್ಯಾಹ್ನ, "ನೀನು ಹಾಗನ್ಬಾರ್ದಿತ್ತು" ಎಂದಿದ್ದರು. ಅಷ್ಟರಲ್ಲಿ ಏನು ಬೈದಿದ್ದೆ ಎಂದು ನಾನೇ ಮರೆತಿದ್ದೆ.

ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ಒಂದು ಕೋಣೆ, ಒಂದು ಅಡುಗೆಮನೆ, ಅವೆರಡೂ ಸೇರಿದ್ದಕ್ಕಿಂತ ದೊಡ್ಡದಾದ ಒಂದು ಶೆಡ್ಡು. ಶೆಡ್ಡಿನಲ್ಲಿ ಗಾಡಿ. ನಾಲ್ಕೂ ಚಕ್ರ ಎಳೆಯುವ, ಮೂವತ್ತನಾಲ್ಕು ವರ್ಷ ಹಳೆಯ ಜೀಪು ಗಾಡಿ. ಗುಡ್ಡದ ಮೇಲೆ ಐವತ್ತು ಮನೆಗಳ ಒಂದು ಊರಿದೆ, ಒಂದು ಶಾಲೆ ಇದೆ. ಅಲ್ಲಿಗೆ ಹತ್ತುವ ಹನ್ನೊಂದು ಕಿಲೋಮೀಟರ್ ದಾರಿ ಕಾಡಿನೊಳಗೆ ಹಾದುಹೋಗುತ್ತದೆ. ಹಿಂದೊಮ್ಮೆ ಆ ದಾರಿಗೆ ಒಂಬತ್ತು ಗಾಡಿಗಳಿಗೆ ಪರ್ಮಿಟ್ ಕೊಟ್ಟಿದ್ದರು. ಆಮೇಲೆ ಕಾನೂನು ಬಿಗಿಯಾಗಿ, ಹೊಸಬರಿಗೆ ಕೊಡುವುದನ್ನೇ ನಿಲ್ಲಿಸಿದರು. ಪರ್ಮಿಟ್ಟು ಮನುಷ್ಯನಿಗೆ ಕೊಟ್ಟದ್ದಲ್ಲ, ಗಾಡಿಯ ಚಾಸಿ ನಂಬರಿಗೆ ಕೊಟ್ಟದ್ದು. ಗಾಡಿ ಗುಜರಿಗೆ ಹೋದರೆ ಪರ್ಮಿಟ್ಟೂ ಹೋಯಿತು. ಎಂಟು ಗಾಡಿಗಳು ಒಂದೊಂದಾಗಿ ಹಾಗೆ ಹೋದವು. ಉಳಿದದ್ದು ನಮ್ಮದೊಂದೇ.

ಹಾಗಾಗಿ ಅದನ್ನು ಮಾರುವಂತಿಲ್ಲ, ಬದಲಿಸುವಂತಿಲ್ಲ, ಸಾಯಲು ಬಿಡುವಂತೆಯೂ ಇಲ್ಲ. ಸತ್ತ ಎಂಟು ಗಾಡಿಗಳ ಕೈ ಕಾಲು ಕರುಳನ್ನೆಲ್ಲ ಇವರು ತಂದು ಇದಕ್ಕೆ ಜೋಡಿಸಿದ್ದಾರೆ. ಎಂಜಿನ್ನಿನ ತಲೆ ಒಂದರದು, ಸ್ಪ್ರಿಂಗ್ ಪಟ್ಟಿ ಇನ್ನೊಂದರದು, ಸ್ಟೇರಿಂಗ್ ಮತ್ತೊಂದರದು. ಮೊದಲಿನದಾಗಿ ಉಳಿದಿರುವುದು ನಂಬರ್ ಕೊರೆದಿರುವ ಅಂಗೈಯಗಲದ ಕಬ್ಬಿಣ ಮಾತ್ರ. ವರ್ಷಕ್ಕೊಮ್ಮೆ ಕ್ಲಚ್ ಪ್ಲೇಟು, ಎರಡು ವರ್ಷಕ್ಕೊಮ್ಮೆ ಬೇರಿಂಗು. ತಿಂಗಳಿಗೊಮ್ಮೆ ಯಾವುದಾದರೊಂದು ಸೀಲು ಒಡೆದು ಎಣ್ಣೆ ಸೋರುವುದಂತೂ ಇದ್ದದ್ದೇ. ಮೂಗಿಗಿಂತ ಮೂಗುತಿ ಭಾರ. ನಾನು ಶಾಲೆಯ ಯೂನಿಫಾರಂ ಹೊಲಿದು ಗಳಿಸಿದ್ದರಲ್ಲಿ ಅರ್ಧ ಅದರ ಹೊಟ್ಟೆಗೇ ಹೋಗಿದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇವರ ಕೈ ಮೂವತ್ತು ವರ್ಷದಿಂದ ಗ್ರೀಸಿನಲ್ಲೇ ಇದೆ, ಮೊಸರು ಯಾವ ದಾರಿ ಹಿಡಿಯಿತೋ ಗೊತ್ತಿಲ್ಲ.

ಟೈರಿನ ವಿಷಯಕ್ಕೆ ಬಂದರೆ ಮಾತ್ರ ಇವರು ದೊಡ್ಡ ಪಂಡಿತರು. ಟೈರಿನ ಮೇಲಿನ ಉಬ್ಬಿಗೆ ಕಚ್ಚು ಎನ್ನುತ್ತಾರೆ; ಮಣ್ಣಿಗೆ ದೊಡ್ಡ ಕಚ್ಚಿನದು, ಟಾರಿಗೆ ಸಣ್ಣ ಕಚ್ಚಿನದು, ನಮ್ಮ ದಾರಿಯಂಥದಕ್ಕೆ ಎರಡರ ನಡುವಿನದು. ಹಳೆಯದಕ್ಕೇ ಹೊಸ ರಬ್ಬರ್ ಹಚ್ಚಿ ರಿಸೋಲ್ ಮಾಡಿಸಿದ್ದು ಅಗ್ಗ, ಆದರೆ ಬಿಸಿಲಿಗೆ ಸಿಪ್ಪೆ ಸುಲಿದ ಹಾಗೆ ಏಳುತ್ತದೆ. ಕೊಂಡರೆ ನಾಲ್ಕನ್ನೂ ಒಟ್ಟಿಗೆ ಕೊಳ್ಳಬೇಕು, ಸವೆದರೆ ನಾಲ್ಕೂ ಒಟ್ಟಿಗೆ ಸವೆಯಬೇಕು; ಅದಕ್ಕೇ ಮೂರು ತಿಂಗಳಿಗೊಮ್ಮೆ ಮುಂದಿನವನ್ನು ಹಿಂದೆ, ಹಿಂದಿನವನ್ನು ಮುಂದೆ ಹಾಕಬೇಕು. ಮದುವೆಯಾದ ಮೊದಲ ವಾರ ಇವರು ನನ್ನ ಜೊತೆ ಆಡಿದ ಅತಿ ಉದ್ದದ ಮಾತು ಇದೇ. ಹೊಸ ಹೆಂಡತಿ, ಕಣ್ಣರಳಿಸಿ ಕೇಳಿದೆ.

ಇವರು ಒಳ್ಳೆಯವರು. ಅದೇ ಇವರ ರೋಗ. ಎದುರಿಗೆ ಯಾರಾದರೂ ಬಂದು ನಿಂತರೆ ಸಾಕು, ಕರಗಿಹೋಗುತ್ತಾರೆ. ನನ್ನ ತಮ್ಮನ ಮದುವೆಯ ದಿನ ಹೊಸ ಅಂಗಿ ತೊಟ್ಟು ಬಸ್ಸಿಗೆ ಕಾಯುತ್ತಿದ್ದಾಗ, ಮೇಲಿನ ಊರಿನ ಯಾರೋ ಬಂದು ಸಿಮೆಂಟ್ ಮೂಟೆ ಏರಿಸಬೇಕು ಎಂದರು. ನಾನು ಒಬ್ಬಳೇ ಮದುವೆಗೆ ಹೋದೆ. ಊರಿಗೆ ಉಪಕಾರಿ, ಮನೆಗೆ ಮಾರಿ. ಇನ್ನೊಮ್ಮೆ ನಾನೇ ಹೇಳಿಕೊಟ್ಟೆ, "ಗಾಡಿ ಕೆಟ್ಟಿದೆ ಅಂದ್ಬಿಡಿ, ಒಂದು ದಿನ ಹಾಯಾಗಿ ಮಲ್ಕೊಳ್ಳಿ" ಎಂದು. ಇವರು ಹಾಗೆಂದ ತಪ್ಪಿಗೆ ಮೇಲಿನಿಂದ ಹದಿನಾಲ್ಕು ಜನ ಸ್ಪ್ಯಾನರ್ ಹಿಡಿದು ಸಹಾಯಕ್ಕೆಂದು ನಡೆದು ಬಂದರು. ಕೆಡದ ಗಾಡಿಯನ್ನು ಬಿಚ್ಚಿ ಮತ್ತೆ ಜೋಡಿಸುವುದರಲ್ಲಿ ಸಂಜೆಯಾಯಿತು. ಹದಿನಾಲ್ಕು ಜನಕ್ಕೂ ಎರಡೆರಡು ಸಲ ಚಹಾ ಮಾಡಿದವಳು ನಾನು.

ಕಳೆದ ವರ್ಷ ಆ ತಮ್ಮನೇ ಫೋನ್ ಮಾಡಿದ. ಬಯಲಿನ ಪೇಟೆಯಲ್ಲಿ ಅವನದೊಂದು ಡ್ರೈವಿಂಗ್ ಸ್ಕೂಲಿದೆ.

"ಅಕ್ಕ, ಭಾವಂಗೆ ಹೇಳು, ನನ್ ಹತ್ರ ಕಲಿಸೋಕೆ ಬರ್ಲಿ. ಒಂಬತ್ತರಿಂದ ಐದು, ಭಾನುವಾರ ರಜ. ಪಕ್ಕದಲ್ಲೇ ಮಹಡಿ ಮೇಲೆ ಎರಡು ಕೋಣೆ ಖಾಲಿ ಇದೆ, ಅಡ್ವಾನ್ಸ್ ಕೊಟ್ರೆ ನಿಮ್ದೇ. ಆದ್ರೆ ಮುಂದಿನ ತಿಂಗಳು ಒಂದನೇ ತಾರೀಖಿಗೆ ಬರ್ಬೇಕು. ಅದಕ್ಕಿಂತ ಜಾಸ್ತಿ ನಂಗೆ ಕಾಯೋಕಾಗಲ್ಲ."

ಹೋಗಿ ಆ ಕೋಣೆಗಳನ್ನು ನೋಡಿ ಬಂದೆ. ನೆಲ ಸಮವಾಗಿದೆ. ಇಲ್ಲಿ ಹೊಲಿಗೆ ಮಿಷನ್ನಿನ ಒಂದು ಕಾಲಿನ ಕೆಳಗೆ ಹಲಗೆ ಚೂರು ಇಟ್ಟೇ ಹೊಲಿಯಬೇಕು. ಅಲ್ಲಿ ಕಿಟಕಿಯ ಪಕ್ಕ ಮಿಷನ್ ಎಲ್ಲಿಡುವುದು ಎಂದೂ ಗೊತ್ತುಮಾಡಿಕೊಂಡೆ. ಐದೂಕಾಲಿಗೆ ಇವರು ಮೆಟ್ಟಿಲು ಹತ್ತಿ ಬರುತ್ತಾರೆ, ಕೈ ಸ್ವಚ್ಛವಾಗಿರುತ್ತದೆ, ಇವತ್ತು ಬರುತ್ತಾರೋ ಇಲ್ಲವೋ ಎಂದು ನಾನು ಗುಡ್ಡದ ಕಡೆ ನೋಡುತ್ತ ಕೂರಬೇಕಿಲ್ಲ. ನನಗೆ ಬೇಕಿದ್ದದ್ದು ಅಷ್ಟೇ. ಬಹಳ ಬೇಕಿತ್ತು.

ಇವರಿಗೂ ಬೇಕಿತ್ತು. ಇದನ್ನು ಹೇಳಲೇಬೇಕು, ಯಾಕೆಂದರೆ ಗಾಡಿಯ ಮೇಲೆ ಇವರಿಗೆ ಎಲ್ಲಿಲ್ಲದ ಪ್ರೀತಿ ಎಂದೇ ಜನ ತಿಳಿದಿದ್ದಾರೆ. "ಆ ಸೀಟು ಸಾಕಾಗಿದೆ ಕಣೆ," ಎಂದರು ನನ್ನ ಹತ್ತಿರ. "ದಿನಾ ಬಾಗಿಲು ಎಳ್ಕೊಂಡಾಗ ಹೊರಗಿಂದ ಯಾರೋ ಚಿಲಕ ಹಾಕ್ದಂಗೆ ಆಗುತ್ತೆ."

"ಹಾಗಾದ್ರೆ ಮೇಲಿನೋರಿಗೆ ಹೇಳ್ಬಿಡಿ, ಬಿಡ್ತೀನಿ ಅಂತ."

"ಹೇಳ್ತೀನಿ."

ಹೇಳಲಿಲ್ಲ. ಹೇಳಿದ್ದರೆ ಪಾಪವೇನೂ ಇರಲಿಲ್ಲ. ಖಾಸಗಿಯವರ ಪರ್ಮಿಟ್ ಗಾಡಿ ಒಂದಾದರೂ ಓಡುತ್ತಿರುವ ತನಕ ಸರ್ಕಾರದ ಗಾಡಿ ಕೊಡುವ ಪ್ರಶ್ನೆಯೇ ಬರುವುದಿಲ್ಲ ಎಂದು ಕಚೇರಿಯವರು ಆ ಊರಿನ ಅರ್ಜಿಗೆ ಎರಡು ಸಲ ಉತ್ತರ ಬರೆದಿದ್ದರು. ನಮ್ಮದು ನಿಂತರೆ ಅವರಿಗೆ ಬೇರೆ ಬರುತ್ತದೆ. ಇದು ಇವರಿಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಬಾಯಿ ತೆರೆಯುವುದು ಬೇರೆ.

ತಿಂಗಳ ಕೊನೆಗೆ ಗಾಡಿಯ ವಾರ್ಷಿಕ ತಪಾಸಣೆ ಇತ್ತು. ನಾಲ್ಕೂ ಟೈರು ಬೋಳಾಗಿದ್ದವು. ಇನ್‌ಸ್ಪೆಕ್ಟರು ಟೈರಿನ ಗೀರಿನೊಳಗೆ ಒಂದು ಅಳತೆಕಡ್ಡಿ ಇಳಿಸಿ ನೋಡುತ್ತಾರೆ; ಗೀರು ಸವೆದುಹೋಗಿದ್ದರೆ ಫೇಲು. ಇಷ್ಟು ಹಳೆಯ ಗಾಡಿಗೆ ಮರುತಪಾಸಣೆ ಇಲ್ಲ, ಫೇಲಾದರೆ ಪರ್ಮಿಟ್ಟಿಗೆ ಅಲ್ಲಿಗೇ ಮಂಗಳ. ನಾಲ್ಕು ದಿನ ಯೋಚಿಸಿ ಇವರು ಒಂದು ಉಪಾಯ ಕಂಡುಕೊಂಡರು.

"ಹೊಸ ಟೈರು ಹಾಕ್ಸೋದೇ ಬೇಡ. ಆವಾಗ ನಾನೇನೂ ಹೇಳ್ಬೇಕಾಗಿಲ್ಲ, ಟೈರೇ ಹೇಳುತ್ತೆ."

ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂದು ಗಾದೆ. ನನ್ನ ಗಂಡ ಹೆರಿಗೆಯನ್ನು ಟೈರಿಗೆ ವಹಿಸಿದರು. ನಗು ಬಂದರೂ ನಾನು ಒಪ್ಪಿದೆ. ತಮ್ಮನಿಗೆ ಬರುತ್ತೇವೆ ಎಂದು ಹೇಳಿ, ಅಡ್ವಾನ್ಸಿನ ದುಡ್ಡು ಹೊಂದಿಸಿ, ಕವರಿಗೆ ಹಾಕಿ, ನೂಲಿನುಂಡೆಗಳ ಡಬ್ಬದ ತಳದಲ್ಲಿಟ್ಟೆ.

ತಪಾಸಣೆಗೆ ಇನ್ನೂ ಮೂರು ವಾರವಿರುವಾಗ ಒಂದು ಮಧ್ಯಾಹ್ನ ಮೇಲಿನ ಊರಿನವರು ಎರಡು ಹೊಸ ಟೈರು ಉರುಳಿಸಿಕೊಂಡು ನಮ್ಮ ಅಂಗಳಕ್ಕೆ ಬಂದರು. ಎಲ್ಲರಿಗಿಂತ ಮುಂದೆ ಶಾಲೆಯ ಟೀಚರಮ್ಮ. ಐವತ್ತು ಮನೆಯವರೂ ಸೇರಿ ಕೊಂಡದ್ದಂತೆ.

"ಅಣ್ಣ, ನೀವು ಬಾಯಿಬಿಟ್ಟು ಕೇಳೋರಲ್ಲ. ಹಾಗಂತ ಟೈರು ಬೋಳಾಗಿರೋದು ನಮಗೆ ಕಾಣಲ್ವಾ?" ಎಂದರು ಟೀಚರಮ್ಮ. "ತಪಾಸಣೇಲಿ ಫೇಲ್ ಮಾಡ್ಬಿಟ್ರೆ ನಮ್ ಗತಿ ಏನು? ನಾಲ್ಕು ಕೊಳ್ಳೋಕೆ ಆಗ್ಲಿಲ್ಲ. ಹೇಗೂ ಹಿಂದಿನ ಚಕ್ರ ತಾನೆ ಗಾಡಿ ತಳ್ಳೋದು, ಮುಂದಿನವು ಬರೀ ದಾರಿ ತೋರ್ಸೋವು, ಅವನ್ಯಾರು ನೋಡ್ತಾರೆ."

ಅಂಗಡಿಯವನು ಇದ್ದದ್ದರಲ್ಲೇ ದೊಡ್ಡ ಕಚ್ಚಿನದನ್ನು ಕೊಟ್ಟಿದ್ದ. ಒಂದೊಂದು ಕಚ್ಚೂ ನನ್ನ ಹೆಬ್ಬೆರಳಿನಷ್ಟು ದಪ್ಪ. ನಾನು ಇವರ ಮುಖ ನೋಡಿದೆ. ಬಣ್ಣ ಹೋಗಿತ್ತು.

ಯಾಕೆಂದು ಹೇಳುತ್ತೇನೆ. ಏರಿಗೆ ಬಂದಾಗ ಒಂದು ಲಿವರ್ ಎಳೆದರೆ ಮುಂದಿನ ಚಕ್ರಗಳೂ ಹಿಂದಿನ ಚಕ್ರಗಳೂ ಒಂದಕ್ಕೊಂದು ಜೋಡಿಯಾಗುತ್ತವೆ, ಆಗ ನಾಲ್ಕೂ ಎಳೆಯುತ್ತವೆ. ಹಾಗೆ ಎಳೆಯಬೇಕಾದರೆ ನಾಲ್ಕೂ ಒಂದೇ ಎತ್ತರ ಇರಬೇಕು. ಹೊಸ ಟೈರು ಎತ್ತರ, ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. ಸವೆದದ್ದು ಕುಳ್ಳು, ಅಷ್ಟು ಹೋಗುವುದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಆ ಜಗಳವೆಲ್ಲ ನಡುವಿನ ಗೇರ್ ಪೆಟ್ಟಿಗೆಯಲ್ಲಿ ಬಿಗಿದುಕೊಳ್ಳುತ್ತದೆ. ಮಣ್ಣಿನ ದಾರಿಯಾದರೆ ಚಕ್ರ ಒಂದಿಷ್ಟು ಜಾರಿ ಬಿಗಿ ಸಡಿಲವಾಗುತ್ತದೆ, ಕಾಂಕ್ರೀಟಿನಲ್ಲಿ ಆಗುವುದಿಲ್ಲ. ನಮ್ಮ ಗುಡ್ಡದ ಕಡಿದಾದ ತಿರುವುಗಳಿಗೆಲ್ಲ ಕಾಂಕ್ರೀಟ್ ಹಾಕಿದ್ದಾರೆ. ಲಿವರ್ ಎಳೆಯದೆ ಅವನ್ನು ಹತ್ತಲೂ ಆಗದು, ಇಳಿಯಲೂ ಆಗದು.

"ಎರಡು ಸಾಲಲ್ಲ" ಎಂದಿದ್ದರೆ ಸಾಕಿತ್ತು. ಎಂದರೆ ಅವರು ಮನೆಯ ಪಾತ್ರೆ ಮಾರಿಯಾದರೂ ಇನ್ನೆರಡು ತರುತ್ತಾರೆ ಎಂದು ಇವರಿಗೆ ಗೊತ್ತು. "ಬೇಡ" ಎನ್ನಲು ಮೊದಲೇ ಬಾರದು. ಜಾಕ್ ತಂದರು. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದಂತೆ ಹಿಂದಿನ ಎರಡನ್ನೂ ಬದಲಿಸಿದರು. ಕಳಚಿದ ಹಳೆಯ ಟೈರುಗಳನ್ನು ಶಾಲೆಯ ಅಂಗಳದಲ್ಲಿ ಜೋಕಾಲಿ ಕಟ್ಟುತ್ತೇನೆಂದು ಟೀಚರಮ್ಮ ಅದೇ ಗಾಡಿಯಲ್ಲಿ ಏರಿಸಿಕೊಂಡು ಹೋದರು.

"ಈಗೇನ್ರೀ ಮಾಡೋದು?" ಎಂದೆ ಅವತ್ತು ಸಂಜೆ.

"ಮುಂದಿನವೆರಡು ಇನ್ನೂ ಬೋಳೇ ಇವೆಯಲ್ಲ. ಫೇಲ್ ಆಗೇ ಆಗುತ್ತೆ. ಮೂರು ವಾರ ಹೇಗೋ ತಳ್ತೀನಿ."

ನಾನೂ ನಂಬಿದೆ. ಒಂದು ವಾರ ಇವರು ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಕಲಸಿ ಬಿಟ್ಟು ಏಳುವುದನ್ನು ನೋಡಿಯೂ, ಬಿಟ್ಟುಹೋಗುವ ಬೇಜಾರಿರಬೇಕು ಎಂದುಕೊಂಡೆ.

ಎಂಟನೆಯ ದಿನ ಮಕ್ಕಳ ಯೂನಿಫಾರಂ ಅಳತೆಗೆಂದು ನಾನೂ ಮೇಲೆ ಹೊರಟೆ. ಹಿಂದೆ ಹತ್ತು ಜನ, ಮುಂದೆ ಇವರ ಪಕ್ಕ ನಾನು. ಏಳನೆಯ ತಿರುವಿನ ಕಾಂಕ್ರೀಟಿಗೆ ಬಂದಾಗ ಗಾಡಿ ಕುಂಟತೊಡಗಿತು. ತಿರುವು ಬಲಕ್ಕೆ, ಕಣಿವೆ ಎಡಕ್ಕೆ. ಇವರು ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದ್ದರು. ಮುಂದಿನ ಬೋಳು ಚಕ್ರಗಳು ಬಲಕ್ಕೆ ತಿರುಗಿಯೂ ಇದ್ದವು. ಗಾಡಿ ಮಾತ್ರ ನೆಟ್ಟಗೆ ಕಣಿವೆಯ ಕಡೆಗೇ ಜಾರುತ್ತಿತ್ತು. ಒಂದು ಗೇಣು, ಮತ್ತೊಂದು ಗೇಣು. ಇವರು ಬ್ರೇಕ್ ಒತ್ತಿ ನಿಲ್ಲಿಸಿದರು. ಚಕ್ರಗಳ ಜೋಡಿ ಬಿಡಿಸಲು ಲಿವರನ್ನು ವಾಪಸು ತಳ್ಳಿದರು, ಅಲುಗಲಿಲ್ಲ. ಎರಡೂ ಕೈ ಹಾಕಿ ತಳ್ಳಿದರು, ಆಗಲೂ ಅಲುಗಲಿಲ್ಲ.

"ಮೆತ್ತಗೆ ಇಳಿ," ಎಂದರು ನನಗೆ ಮಾತ್ರ ಕೇಳುವ ಹಾಗೆ. "ಕಲ್ಲೊಂದು ತಗೊಂಡು ಹಿಂದಿನ ಚಕ್ರದ ಹತ್ರ ನಿಲ್ಲು. ಹಿಂದಕ್ಕೆ ಬಿಡ್ತೀನಿ. ಹಿಂದಕ್ಕೆ ಹೋದ್ರೇನೇ ಬಿಗಿ ಬಿಡೋದು."

ಇಳಿದೆ. ಕಲ್ಲು ಹಿಡಿದು ನಿಂತೆ. ಇವರು ಕತ್ತು ಹೊರಗೆ ಹಾಕಿ, ಆ ಇಳಿಜಾರಿನಲ್ಲಿ, ಕಣಿವೆಯ ಅಂಚಿಗೆ ಒಂದು ಮೊಳ ಬಿಟ್ಟು, ಗಾಡಿಯನ್ನು ಹಿಂದಕ್ಕೆ ಇಳಿಸಿದರು. ಒಳಗೆ ಕೂತವರು ಹರಟುತ್ತಿದ್ದರು. "ನೋಡ್ರಿ, ಹೊಸ ಟೈರು ಹೆಂಗೆ ಕಚ್ಕೊಂಡು ನಿಂತಿದೆ!" ಎಂದ ಒಬ್ಬ ಮುದುಕ. ಇಪ್ಪತ್ತು ಅಡಿ ಹಿಂದೆ ಹೋದ ಮೇಲೆ ಗಾಡಿಯ ಹೊಟ್ಟೆಯಲ್ಲಿ ಠಕ್ಕೆಂದು ಸದ್ದಾಗಿ ಬಿಗಿ ಬಿಟ್ಟಿತು. ನನ್ನ ಕೈಯ ಕಲ್ಲು ಬೆವರಿಗೆ ಒದ್ದೆಯಾಗಿತ್ತು.

"ಎಷ್ಟು ಸಲ ಹೀಗಾಗಿದೆ?" ಎಂದೆ ಮತ್ತೆ ಹತ್ತಿ ಕೂತು.

"ದಿನಾ ಎರಡು ಸಲ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನೂ ಮನೇಲಿ ಕೂತು ಹೆದರ್ಬೇಕಿತ್ತು."

ನನಗೆ ಮೈಯೆಲ್ಲ ಉರಿಯಿತು. ಇವರಿಂದ ಆಗುವ ಕೆಲಸವಲ್ಲ, ನಾನೇ ಹೇಳಿಬಿಡುತ್ತೇನೆ, ಗಾಡಿ ನಿಲ್ಲಿಸುತ್ತೇವೆ, ನಾವು ಹೋಗುತ್ತೇವೆ, ಇವತ್ತೇ ಕೊನೆ ಎಂದು ಮೇಲೆ ತಲುಪುವಷ್ಟರಲ್ಲಿ ನಿಶ್ಚಯಿಸಿದ್ದೆ. ನನ್ನ ನಾಲಿಗೆಯ ಬಗ್ಗೆ ನನಗೆ ತುಂಬ ಹೆಮ್ಮೆ ಇತ್ತು. ಶಾಲೆಯ ಕೋಣೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಾನು ಅಳತೆ ಕೂಗುತ್ತಿದ್ದೆ, ಟೀಚರಮ್ಮ ಬರೆದುಕೊಳ್ಳುತ್ತಿದ್ದರು.

"ಟೀಚರಮ್ಮ, ಒಂದು ಮಾತು ಹೇಳ್ಬೇಕಿತ್ತು," ಎಂದೆ.

"ನಾನೂ ನಿಮ್ಗೆ ಒಂದು ಮಾತು ಹೇಳ್ಬೇಕಿತ್ತು ಅಕ್ಕ," ಎಂದರು ಅವರು. "ಹನ್ನೆರಡು ವರ್ಷ ಆಯ್ತು ನಾನಿಲ್ಲಿಗೆ ಬಂದು. ವರ್ಗಾವಣೆ ಕೇಳಿ ಕೇಳಿ ಸಾಕಾಯ್ತು, ಯಾರೂ ಕೊಡಲ್ಲ. ಶನಿವಾರ ಮನೆಗೆ ಹೊರಟಾಗ ನಿಮ್ಮೆಜಮಾನ್ರ ಹಾರನ್ ಕೇಳಿದ್ರೆ ಮಾತ್ರ, ನಾನು ಜೈಲಲ್ಲಿಲ್ಲ ಅನ್ಸೋದು. ಆ ಟೈರಿಗೆ ಎಲ್ಲರಿಗಿಂತ ಜಾಸ್ತಿ ದುಡ್ಡು ಹಾಕಿದ್ದು ನಾನೇ, ಸ್ವಾರ್ಥ ಅನ್ಕೊಳ್ಳಿ ಬೇಕಾದ್ರೆ." ನಕ್ಕರು. "ನೀವೇನೋ ಹೇಳ್ಬೇಕು ಅಂದ್ರಲ್ಲ?"

ಎದುರಿಗೆ ನಿಂತಿದ್ದ ಹುಡುಗಿಯ ತೋಳಿನ ಮೇಲೆ ನನ್ನ ಟೇಪು ಹಾಗೇ ನಿಂತಿತು.

"ಏನಿಲ್ಲ," ಎಂದೆ. "ತೋಳು ಉದ್ದ ಇಡ್ಲಾ, ಗಿಡ್ಡ ಇಡ್ಲಾ?"

ಇಷ್ಟು ವರ್ಷ ಗಂಡನನ್ನು ಹೇಡಿ ಎಂದು ಮನಸ್ಸಿನಲ್ಲೇ ಬೈದುಕೊಂಡವಳು ನಾನು. ವಾಪಸು ಬರುವಾಗ ಪಕ್ಕದಲ್ಲಿ ಕೂತ ಆ ಮನುಷ್ಯನ ಮುಖ ನೋಡಲು ನನಗೆ ನಾಚಿಕೆಯಾಯಿತು. ಇಳಿಯುವಾಗಲೂ ಅದೇ ತಿರುವಿನಲ್ಲಿ ಗಾಡಿ ಕುಂಟಿತು. ಅತ್ತ ದರಿ, ಇತ್ತ ಪುಲಿ. ತಪಾಸಣೆಗೆ ಇನ್ನು ಹದಿಮೂರು ದಿನ, ದಿನಕ್ಕೆ ಎರಡು ಸಲ. ಇಪ್ಪತ್ತಾರರಲ್ಲಿ ಒಂದು ತಪ್ಪಿದರೆ ಸಾಕು. ಟೈರು ತಪ್ಪಾಗಿದೆ ಎಂದರೆ ಅವರು ಇಲ್ಲದ ದುಡ್ಡಿನಲ್ಲಿ ಇನ್ನೆರಡು ತರುತ್ತಾರೆ. ಗಾಡಿ ನಿಲ್ಲಿಸುತ್ತೇವೆ ಎನ್ನಲು ನಮ್ಮಿಬ್ಬರಿಗೂ ಬಾಯಿಲ್ಲ. ಹಳೆಯವನ್ನು ಮತ್ತೆ ಹಾಕೋಣವೆಂದರೆ ಅವುಗಳ ಮೇಲೆ ಮಕ್ಕಳು ಜೀಕುತ್ತಿದ್ದರು.

ಮರುದಿನ ಇವರು ಹೊರಟ ಮೇಲೆ ನೂಲಿನ ಡಬ್ಬದಿಂದ ಕವರು ತೆಗೆದುಕೊಂಡು ಬಸ್ಸು ಹತ್ತಿದೆ. ಅದೇ ಅಂಗಡಿ, ಅದೇ ಅಳತೆ, ಅದೇ ಕಚ್ಚು. ಎರಡು ಟೈರು. ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು ಶೆಡ್ಡಿನ ಗೋಡೆಗೆ ಒರಗಿಸಿಟ್ಟೆ. ಕವರಿನಲ್ಲಿ ಬಸ್ ಚಾರ್ಜಿನ ಚಿಲ್ಲರೆಯಷ್ಟೇ ಉಳಿಯಿತು.

ಇವರು ಬಂದು ನೋಡಿದರು. ಯಾವ ದುಡ್ಡು ಎಂದು ಕೇಳಲಿಲ್ಲ, ಗೊತ್ತಾಗಿತ್ತು.

"ಪಾಸಾಗ್ಬಿಡುತ್ತೆ ಕಣೆ," ಎಂದರು. ಇಷ್ಟು ಬೇಗ ಇವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಆದ್ರೆ ಆಗ್ಲಿ. ಬದುಕಿದ್ರೆ ತಾನೆ ಫೇಲ್ ಆಗೋದು? ಅಡೀಲಿ ತುಕ್ಕಿದೆ, ಹೊಗೆ ಬರುತ್ತೆ, ಬೇರೆ ಯಾವುದಕ್ಕಾದ್ರೂ ಫೇಲ್ ಮಾಡ್ತಾರೆ. ಜಾಕ್ ತನ್ನಿ."

ಇವರು ಬಿಚ್ಚಿದರು, ನಾನು ನಟ್ಟು ಎಣಿಸಿ ಕೊಟ್ಟೆ. ಕೊನೆಯ ನಟ್ಟು ಬಿಗಿಯುವಾಗ ಇವರು ಅತ್ತರು. ಅತ್ತಿದ್ದು ನಾನು ನೋಡಿದ್ದು ಅದೇ ಮೊದಲು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಸ್ಪ್ಯಾನರನ್ನು ಮೂಲೆಗೆ ಎಸೆದೆ. ಇವರು ಎದ್ದು ಹೋಗಿ ಅದನ್ನು ಒರೆಸಿ ಮೊಳೆಗೆ ತೂಗುಹಾಕಿದರು.

ತಪಾಸಣೆಗೆ ನಾನೂ ಹೋದೆ. ಇನ್‌ಸ್ಪೆಕ್ಟರು ಗಂಟುಮುಖದ ಮನುಷ್ಯ, ನನಗೆ ಅದೇ ಆಸೆ ಹುಟ್ಟಿಸಿತು. ಕೆಳಗೆ ಬಗ್ಗಿ ಸುತ್ತಿಗೆಯಿಂದ ಚಾಸಿಯನ್ನು ಅಲ್ಲಲ್ಲಿ ಕುಟ್ಟಿದರು. "ತುಕ್ಕಿದೆಯಲ್ರೀ," ಎಂದರು. ನಾನು ಒಂದು ಹೆಜ್ಜೆ ಹತ್ತಿರ ಸರಿದೆ. "ಆದ್ರೂ ಪ್ಯಾಚ್ ಚೆನ್ನಾಗಿ ಹಾಕಿದ್ದೀರಿ." ಹೊಗೆ ನೋಡಿದರು, ಬ್ರೇಕ್ ನೋಡಿದರು. ಕೊನೆಗೆ ಅಳತೆಕಡ್ಡಿಯನ್ನು ಟೈರಿನ ಗೀರಿನೊಳಗೆ ಇಳಿಸಿದರು. ಅದು ಪೂರ್ತಿ ಮುಳುಗಿತು. ನಾಲ್ಕೂ ಚಕ್ರದಲ್ಲಿ ಹಾಗೇ. ಆ ಗಂಟುಮುಖ ನಕ್ಕಿತು.

"ಮೂವತ್ನಾಲ್ಕು ವರ್ಷದ ಗಾಡಿಗೆ ನಾಲ್ಕಕ್ಕೆ ನಾಲ್ಕೂ ಹೊಸ ಟೈರು! ಇಂಥೋರನ್ನ ಇವತ್ತೇ ನೋಡಿದ್ದು ನಾನು. ಎಲ್ಲರಿಗೂ ಒಂದು ವರ್ಷ ಬರೀತೀನಿ. ನಿಮ್ಗೆ ಎರಡು ವರ್ಷ ಬರ್ದಿದ್ದೀನಿ, ಹೋಗಿ."

"ಉಪಕಾರ ಆಯ್ತು ಸಾರ್," ಎಂದರು ಇವರು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ತಮ್ಮನ ಫೋನು. "ನಾಡಿದ್ದು ಎಷ್ಟು ಹೊತ್ತಿಗೆ ಬರ್ತೀರಕ್ಕ? ಕೋಣೆ ಗುಡಿಸಿ ಇಟ್ಟಿದ್ದೀನಿ."

ಬರುವುದಿಲ್ಲ ಎಂದೆ. ಭಾವನಿಗೆ ಇಷ್ಟವಿಲ್ಲವೇ ಎಂದು ಕೇಳಿದ. ಇಷ್ಟ ಇದೆ ಎಂದೆ. ಮತ್ತೇನು ಎಂದು ಕೇಳಿದ.

"ನಾನೇ ಎರಡು ಟೈರು ಕೊಂಡ್ಬಿಟ್ಟೆ ಕಣೋ," ಎಂದೆ.

"ಎರಡು ಟೈರಿಗೋಸ್ಕರ ಬರೋದು ಬಿಟ್ರಾ?" ಎಂದು ಅವನು ಜೋರಾಗಿ ನಕ್ಕ. ನಾನು ಹೂಂ ಎಂದು ಫೋನ್ ಇಟ್ಟೆ.

ಇವರು ಹೊಸ್ತಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದರು. ತಮ್ಮ ಮಾಮೂಲು ಗೇರಿನಲ್ಲಿ, "ಮುಂದಿನ ಸಲ ಟೈರು ಸವೆದಾಗ ನೀನು ತರ್ಬೇಡ," ಎಂದರು.

"ತರ್ತೀನಿ," ಎಂದೆ. ನಿಜವಾಗಿಯೂ ತರುತ್ತೇನೆ ಎಂದು ನನಗೆ ಗೊತ್ತಿತ್ತು. ಆಗ ನನಗೆ ಅಳು ಬಂತು.